ನೈಜಲ್ ರಾಜರ್ಸ್ ಮತ್ತು ಲುಪ್ತವಾದ ಕಂಠವಿದ್ಯೆ

ಇಟಲಿಯ ಮಾಂಟುವಾ ನಗರದಲ್ಲಿ ೧೬೦೭ರಲ್ಲಿ ಪ್ರಯೋಗಗೊಂಡ ಮಾಂಟೆವರ್ಡಿಯ ‘ಆರ್ಫಿಯೋ’ ಎಂಬ ಗೇಯನಾಟಕವು ೧೬೦೯ರಲ್ಲಿ ಅಚ್ಚಾಯಿತು. ಮೃತಪತ್ನಿಯನ್ನು ಅರಸುತ್ತ ಪಾತಾಳನದಿಯ ದಡಕ್ಕೆ ಬಂದ ನಾಯಕನು, ದಾಟಿಸಲೊಲ್ಲದ ಅಂಬಿಗನ ಮುಂದೆ ಹಾಡುವ ಗೀತಕ್ಕೆ ಅದರಲ್ಲಿ ಎರಡು ಪಾಠಗಳುಂಟು: ಒಂದು ಸರಳ, ಇನ್ನೊಂದು ಅಲಂಕೃತ. ಒಂದೇ ಅಕ್ಷರದ ಮೇಲೆ ಹತ್ತಾರು ಸ್ವರಗಳನ್ನು ಕಂಠದಲ್ಲಿಯೇ ಬಿಡಿಬಿಡಿಯಾಗಿ ಹೊರಡಿಸುವ ಆ ವಿದ್ಯೆಯು ಕಾಲಕ್ರಮದಲ್ಲಿ ಲುಪ್ತವಾಯಿತು. ಗಮಕವಿಲ್ಲದ ಗಾನವನ್ನು ನೆನೆದುಕೊಂಡರೆ ನಮ್ಮವರಿಗೆ ಆ ನಷ್ಟವು ತಿಳಿದೀತು.

ಅದನ್ನು ಮರಳಿ ಸಾಧಿಸಿದವರಲ್ಲಿ ಅಗ್ರಗಣ್ಯನು ಆಂಗ್ಲ ಗಾಯಕ ನೈಜಲ್ ರಾಜರ್ಸ್ (೧೯೩೫–೨೦೨೨). ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿನಲ್ಲಿ ಹಾಡಿ ಪಳಗಿದ ಈತನು ಮ್ಯೂನಿಕ್ ನಗರದಲ್ಲಿ ಪ್ರಾಚೀನ ಸಂಗೀತದ ಮೇಳವೊಂದರ ಸ್ಥಾಪಕರಲ್ಲೊಬ್ಬನಾದನು. ೧೯೭೦ರ ದಶಕದ ಆತನ ‘ಆರ್ಫಿಯೋ’ ಧ್ವನಿಮುದ್ರಿಕೆಯಲ್ಲಿ ಆ ಅಲಂಕಾರಗಳು ಬರಿಯ ಚಮತ್ಕಾರವಾಗದೆ ಶೋಕವೇ ಆಗಿ ಕೇಳಿಬರುತ್ತವೆ. ಕಥೆಯ ಅಂಬಿಗನು ಮಾತ್ರ ಇಷ್ಟಕ್ಕೂ ಕರಗುವುದಿಲ್ಲ, ನಿದ್ದೆಹೋಗುತ್ತಾನೆ!