ಹನ್ನೊಂದು ವರ್ಷ ಗುರುತು ಸಿಗದ ಜಿಂಕೆ ರೋಗ

ಕಾಡಿನಲ್ಲಿ ಸತ್ತುಬಿದ್ದ ಜಿಂಕೆಯ ಸಾವಿಗೆ ಕಾರಣ ಹೇಳುವುದು ಸುಲಭವಲ್ಲ. ಬೇಟೆ ಪ್ರಾಣಿ ಹಿಡಿದಿರಬಹುದು, ವಾಹನ ಬಡಿದಿರಬಹುದು, ಮೇವಿಲ್ಲದೆ ಸತ್ತಿರಬಹುದು. ಕಣ್ಣಿಗೆ ಕಾಣುವ ಕಾರಣದ ಹಿಂದೆ ರೋಗವೊಂದು ಅಡಗಿದ್ದರೆ ಅದು ಸಾಮಾನ್ಯವಾಗಿ ಲೆಕ್ಕಕ್ಕೆ ಸಿಗುವುದೇ ಇಲ್ಲ. ಆದರೆ ಇಲ್ಲಿ ಹೇಳಹೊರಟಿರುವ ಪ್ರಸಂಗದಲ್ಲಿ ಜಿಂಕೆಗಳು ಬೇಲಿಯೊಳಗೆ, ಸಂಶೋಧಕರ ಕಣ್ಣೆದುರಿನಲ್ಲೇ ಸತ್ತವು. ಆದರೂ ರೋಗ ಯಾವುದೆಂದು ತಿಳಿಯಲು ಹನ್ನೊಂದು ವರ್ಷ ಬೇಕಾಯಿತು.

ಅಮೆರಿಕದ ಕೊಲರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್ ಎಂಬಲ್ಲಿ ವನ್ಯಜೀವಿ ಸಂಶೋಧನಾ ಕೇಂದ್ರವೊಂದಿತ್ತು. ಹೇಸರಗತ್ತೆಯಂತೆ ದೊಡ್ಡ ಕಿವಿಗಳಿರುವುದರಿಂದ ಮ್ಯೂಲ್ ಜಿಂಕೆ ಎಂದು ಕರೆಯಲಾಗುವ ಜಿಂಕೆಗಳನ್ನು ಅಧ್ಯಯನಕ್ಕಾಗಿ ಅಲ್ಲಿ ಸಾಕಿದ್ದರು. 1967ರಲ್ಲಿ ಅವುಗಳಲ್ಲಿ ಕೆಲವು ವಿಚಿತ್ರವಾಗಿ ವರ್ತಿಸತೊಡಗಿದವು. ತಲೆ ತಗ್ಗಿಸಿ, ಕಿವಿ ಜೋಲುಬಿಟ್ಟು ನಿಲ್ಲುತ್ತಿದ್ದವು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ದಿನದಿನಕ್ಕೆ ಸೊರಗಿ ಎಲುಬು ಕಾಣುವಂತಾಗಿ ಸಾಯುತ್ತಿದ್ದವು. ಲಕ್ಷಣ ಕಾಣಿಸಿಕೊಂಡ ಮೇಲೆ ಎರಡು ವಾರದಿಂದ ಎಂಟು ತಿಂಗಳೊಳಗೆ ಸಾವು. ಬದುಕಿ ಉಳಿದದ್ದು ಒಂದೂ ಇಲ್ಲ.

ಮೇವಿನಲ್ಲಿ ಯಾವುದೋ ಖನಿಜದ ಕೊರತೆ ಇರಬಹುದೇ? ವಿಷಪ್ರಾಶನವೇ? ಕಾಡುಪ್ರಾಣಿಯನ್ನು ಕೂಡಿಹಾಕಿದ್ದರ ಒತ್ತಡವೇ? ಇಂಥ ಊಹೆಗಳು ಮೂಡಿದವು. ಇವು ಅಸಂಬದ್ಧವಾದುವೇನೂ ಅಲ್ಲ. ಸತ್ತ ಜಿಂಕೆಯ ಹೊಟ್ಟೆ ಬಗೆದರೆ ಮೊದಲ ಜಠರದಲ್ಲಿ ನೀರು, ಮರಳು, ಸಣ್ಣ ಕಲ್ಲುಗಳು ಸಿಗುತ್ತಿದ್ದವು. ಅದನ್ನು ಕಂಡವರ ಗಮನ ಆಹಾರದ ಕಡೆ ಹರಿದರೆ ತಪ್ಪೇನು? ತೊಂದರೆ ಏನೆಂದರೆ, 'ಸೆರೆಯಲ್ಲಿಟ್ಟ ಪ್ರಾಣಿ ಸೊರಗುತ್ತದೆ' ಎಂಬ ವಿವರಣೆ ಒಮ್ಮೆ ಒಪ್ಪಿಗೆಯಾದರೆ ಇದು ಸಾಂಕ್ರಾಮಿಕ ಇರಬಹುದೇ ಎಂಬ ಪ್ರಶ್ನೆ ಏಳುವುದೇ ಇಲ್ಲ. ಕೆಲಕಾಲಾನಂತರ ನೆರೆಯ ವಯೋಮಿಂಗ್ ರಾಜ್ಯದ ಕೇಂದ್ರದಲ್ಲೂ ಅದೇ ಕಾಯಿಲೆ ಕಾಣಿಸಿಕೊಂಡಿತು.

1970ರ ದಶಕದ ಕೊನೆಯಲ್ಲಿ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಶುರೋಗಶಾಸ್ತ್ರದ ವಿದ್ಯಾರ್ಥಿನಿಯಾಗಿದ್ದ ಎಲಿಜಬೆತ್ ವಿಲಿಯಮ್ಸ್ ಸತ್ತ ಜಿಂಕೆಗಳ ಮಿದುಳಿನ ತೆಳು ಛೇದಗಳನ್ನು ಸೂಕ್ಷ್ಮದರ್ಶಕದಡಿ ನೋಡಿದರು. ಅಂಗಾಂಶದ ತುಂಬ ಸಣ್ಣ ಸಣ್ಣ ರಂಧ್ರಗಳು, ಸ್ಪಂಜಿನ ಹಾಗೆ! ಕುರಿಗಳ ಸ್ಕ್ರೇಪಿ ರೋಗದಲ್ಲೂ ಇಂಥದೇ ಚಿತ್ರ ಕಾಣುತ್ತದೆಂಬುದು ಅವರಿಗೆ ಗೊತ್ತಿತ್ತು. 1978ರಲ್ಲಿ ರೋಗದ ಗುರುತು ಸಿಕ್ಕಿತು. 1980ರಲ್ಲಿ ಸ್ಟುವರ್ಟ್ ಯಂಗ್ ಅವರೊಡನೆ ವಿಲಿಯಮ್ಸ್ ಪ್ರಬಂಧ ಪ್ರಕಟಿಸಿದರು. ಸುಮಾರು 12 ವರ್ಷಗಳ ಅವಧಿಯ 53 ಮ್ಯೂಲ್ ಜಿಂಕೆಗಳು ಮತ್ತು ಒಂದು ಕಪ್ಪುಬಾಲದ ಜಿಂಕೆಯ ವಿವರ ಅದರಲ್ಲಿದೆ.

ಇಂಥ ಹೋಲಿಕೆಯನ್ನು ಹಿಂದೆಯೂ ಒಬ್ಬರು ಕಂಡಿದ್ದರು. ಪಪುವಾ ನ್ಯೂಗಿನಿಯ ಜನರನ್ನು ಕಾಡುತ್ತಿದ್ದ ಕುರು ರೋಗದ ಮಿದುಳಿನ ಚಿತ್ರಗಳನ್ನು ನೋಡಿದ ಪಶುವೈದ್ಯ ವಿಲಿಯಂ ಹ್ಯಾಡ್ಲೊ, ಇದು ಸ್ಕ್ರೇಪಿಯಂತೆಯೇ ಇದೆ ಎಂದು 1959ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಗೆ ಬರೆದಿದ್ದರು. ವೈದ್ಯರಿಗೆ ಕುರಿಯ ಪರಿಚಯವಿರಲಿಲ್ಲ, ಕುರಿ ಬಲ್ಲವರಿಗೆ ಕುರು ಗೊತ್ತಿರಲಿಲ್ಲ. ಎರಡನ್ನೂ ಒಟ್ಟಿಗೆ ನೋಡುವ ಕಣ್ಣು ಬೇಕಿತ್ತು.

ರೋಗಕ್ಕೆ ಕೊಟ್ಟ ಹೆಸರು ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಸಂಕ್ಷಿಪ್ತವಾಗಿ ಸಿ.ಡಬ್ಲ್ಯು.ಡಿ. ಕನ್ನಡದಲ್ಲಿ ಕ್ಷಯವೆಂದರೆ ಟಿ.ಬಿ.; ಸೊರಗು ರೋಗವೆಂದರೆ ನಮ್ಮ ರೈತರಿಗೆ ಬದನೆ, ಟೊಮೆಟೊ ಗಿಡ ನೆನಪಾಗುತ್ತದೆ. ಹಾಗಾಗಿ ತರಗತಿಯಲ್ಲಿ ಈ ಸಂಕ್ಷಿಪ್ತ ಹೆಸರನ್ನೇ ಬಳಸುವುದು ಕ್ಷೇಮ.

ರೋಗಕಾರಕ ಬ್ಯಾಕ್ಟೀರಿಯವೂ ಅಲ್ಲ, ವೈರಸ್ಸೂ ಅಲ್ಲ. ಸ್ಟ್ಯಾನ್ಲಿ ಪ್ರುಸಿನರ್ 1982ರಲ್ಲಿ 'ಪ್ರಿಯಾನ್' ಎಂದು ಹೆಸರಿಸಿದ ಪ್ರೋಟೀನು. ಈ ಸಂಶೋಧನೆಗೆ ಅವರಿಗೆ 1997ರ ನೊಬೆಲ್ ಪ್ರಶಸ್ತಿ ಬಂತು. ಆರೋಗ್ಯವಂತ ಪ್ರಾಣಿಯ ನರಕೋಶಗಳಲ್ಲೂ ಈ ಪ್ರೋಟೀನಿನ ಸಹಜ ರೂಪ ಇರುತ್ತದೆ. ತಪ್ಪಾಗಿ ಮಡಚಿಕೊಂಡ ಅಣು ಸಹಜ ಅಣುವಿಗೆ ತಾಗಿದರೆ ಅದೂ ತಪ್ಪಾಗಿ ಮಡಚಿಕೊಳ್ಳುತ್ತದೆ. ಹೀಗೆ ಒಂದರಿಂದ ಇನ್ನೊಂದಕ್ಕೆ ದಾಟುತ್ತ ಮಿದುಳು ಹಾಳಾಗುತ್ತದೆ. ಇದರಲ್ಲಿ ನ್ಯೂಕ್ಲಿಯಿಕ್ ಆಮ್ಲ ಇಲ್ಲದ್ದರಿಂದ ವೈರಸ್ಸನ್ನು ಕೊಲ್ಲುವ ನೇರಳಾತೀತ ಕಿರಣಕ್ಕೆ ಇದು ಸುಲಭವಾಗಿ ಜಗ್ಗದು. ಕುದಿಸಿದರೂ ನಾಶವಾಗದು.

ಇದರ ಅರ್ಥ ಏನೆಂಬುದು ಫೋರ್ಟ್ ಕಾಲಿನ್ಸ್‌ನಲ್ಲಿ ಮನವರಿಕೆಯಾಯಿತು. 1985ರಲ್ಲಿ ಕೇಂದ್ರದ ಜಿಂಕೆ ಮತ್ತು ಎಲ್ಕ್‌ಗಳನ್ನೆಲ್ಲ ಕೊಂದು, ನೆಲವನ್ನು ಉತ್ತು, ಕ್ಯಾಲ್ಸಿಯಂ ಹೈಪೊಕ್ಲೋರೈಟ್ ಸಿಂಪಡಿಸಿ, ಒಂದು ವರ್ಷ ಬೀಡುಬಿಟ್ಟರು. ಆಮೇಲೆ ಕಾಡಿನಿಂದ ಎಲ್ಕ್ ಮರಿಗಳನ್ನು ತಂದು ಬಿಟ್ಟರು. ಕೆಲವೇ ವರ್ಷಗಳಲ್ಲಿ ರೋಗ ಮರಳಿತು! ರೋಗಿಷ್ಠ ಜಿಂಕೆಗಳ ಕಳೇಬರ ಕೊಳೆತು ಎರಡು ವರ್ಷವಾಗುತ್ತ ಬಂದ ಆವರಣದಲ್ಲೂ ಹೊಸ ಜಿಂಕೆಗಳಿಗೆ ರೋಗ ತಗಲುತ್ತದೆಂಬುದು 2004ರಲ್ಲಿ ಪ್ರಕಟವಾದ ಪ್ರಯೋಗದಿಂದ ತಿಳಿಯಿತು. ಪ್ರಿಯಾನು ಜೇಡಿಮಣ್ಣಿನ ಕಣಗಳಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಜೊಲ್ಲು, ಮೂತ್ರ, ಹಿಕ್ಕೆಗಳ ಮೂಲಕ ಅದು ನೆಲ ಸೇರುತ್ತದೆ, ಅದೂ ಜಿಂಕೆ ನೋಡಲು ಗಟ್ಟಿಮುಟ್ಟಾಗಿರುವಾಗಲೇ.

ಇತ್ತ ಬೇಲಿಯ ಹೊರಗೂ ರೋಗ ಇತ್ತು. ನಮ್ಮ ಕಡವೆಗಿಂತ ದೊಡ್ಡದಾದ ಎಲ್ಕ್ ಒಂದರಲ್ಲಿ 1981ರಲ್ಲಿ, ಕೊಲರಾಡೊದ ಕಾಡಿನಲ್ಲೇ ಅದು ಪತ್ತೆಯಾಯಿತು. ಕಾಡಿನಲ್ಲಿ ಸೊರಗಿ ಸಾಯುವಷ್ಟು ದಿನ ಬದುಕುವ ಅವಕಾಶ ಜಿಂಕೆಗೆ ಸಿಗುವುದು ಕಡಿಮೆ. ರೋಗ ತಗಲಿದ ಮ್ಯೂಲ್ ಜಿಂಕೆಗಳು ವಾಹನಕ್ಕೆ ಸಿಕ್ಕಿ ಸಾಯುವುದು ಹೆಚ್ಚು, ಪ್ಯೂಮ ಬೆಕ್ಕಿಗೆ ಬಲಿಯಾಗುವುದೂ ಹೆಚ್ಚು ಎಂದು ಅಲ್ಲಿಯ ಅಧ್ಯಯನಗಳು ತೋರಿಸಿವೆ. ದಾಖಲೆಯಲ್ಲಿ ಅದು 'ರಸ್ತೆ ಅಪಘಾತ'. ಕೊಂದದ್ದು ಕಾರು ಹೌದು, ಆದರೆ ಕಾರಿಗೆ ಅಡ್ಡ ನಿಲ್ಲಿಸಿದ್ದು ಯಾವುದು?

ಪ್ರಾಣಿಸಾಗಣೆಯೂ ನೆರವಾಯಿತು. ಕೆನಡಾದಿಂದ ತರಿಸಿದ ಎಲ್ಕ್‌ಗಳಿಂದ 2001ರಲ್ಲಿ ದಕ್ಷಿಣ ಕೊರಿಯದಲ್ಲಿ ರೋಗ ಕಾಣಿಸಿತು. 2002ರಲ್ಲಿ ವಿಸ್ಕಾನ್ಸಿನ್‌ನ ಬಿಳಿಬಾಲದ ಜಿಂಕೆಗಳಲ್ಲಿ ಪತ್ತೆಯಾದಾಗ ರೋಗ ಮಿಸಿಸಿಪಿ ನದಿಯ ಪೂರ್ವಕ್ಕೆ ದಾಟಿದ್ದು ಮೊದಲ ಬಾರಿಗೆ ಖಚಿತವಾಯಿತು. ಮನುಷ್ಯರಿಗೆ ಸಿ.ಡಬ್ಲ್ಯು.ಡಿ. ತಗಲಿದ ದೃಢಪಟ್ಟ ಪ್ರಕರಣ ಇಲ್ಲ. ಆದರೂ ರೋಗವಿರುವ ಪ್ರದೇಶಗಳಲ್ಲಿ ಬೇಟೆಯಾಡಿದ ಜಿಂಕೆಯನ್ನು ಪರೀಕ್ಷೆ ಮಾಡಿಸದೆ ತಿನ್ನಬೇಡಿ ಎಂದು ಆರೋಗ್ಯ ಇಲಾಖೆಗಳು ಹೇಳುತ್ತವೆ.

ವಿಲಿಯಮ್ಸ್ ಮುಂದೆ ವಯೋಮಿಂಗ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾಗಿ ಇದೇ ರೋಗದ ಬೆನ್ನುಹತ್ತಿದ್ದರು. 2004ರ ಡಿಸೆಂಬರ್‌ನಲ್ಲಿ ಹಿಮ ಬಿದ್ದ ರಸ್ತೆಯಲ್ಲಿ ನಡೆದ ಅಪಘಾತದಲ್ಲಿ ಅವರೂ, ಅವರ ಪತಿ, ವನ್ಯಜೀವಿ ವೈದ್ಯ ಟಾಮ್ ಥಾರ್ನ್ ಅವರೂ ತೀರಿಕೊಂಡರು. 2016ರಲ್ಲಿ ನಾರ್ವೆಯ ನೂರ್‌ಫ್ಯೆಲ್ಲಾ ಬೆಟ್ಟಗಳ ಕಾಡು ಹಿಮಸಾರಂಗವೊಂದರಲ್ಲಿ ರೋಗ ಸಿಕ್ಕಿತು. ಯುರೋಪಿನಲ್ಲಿ ಇದೇ ಮೊದಲು. ನಾರ್ವೆ ಹನ್ನೊಂದು ವರ್ಷ ಕಾಯಲಿಲ್ಲ. ಸುಮಾರು 2000 ಪ್ರಾಣಿಗಳ ಇಡೀ ಹಿಂಡನ್ನು 2018ರೊಳಗೆ ಕೊಂದು, ಆ ನೆಲವನ್ನು ವರ್ಷಗಟ್ಟಲೆ ಖಾಲಿ ಬಿಡಲು ನಿರ್ಧರಿಸಿತು. 2020ರಲ್ಲಿ ಪಕ್ಕದ ಹಾರ್ಡಂಗರ್‌ವಿಡ್ಡ ಪ್ರಸ್ಥಭೂಮಿಯ ಹಿಮಸಾರಂಗವೊಂದರಲ್ಲಿ ರೋಗ ಪತ್ತೆಯಾಯಿತು.