ಒಂದು ಮದುವೆಗೆ ಬ್ರಿಟನ್ ಸರ್ಕಾರ ಯಾಕೆ ಹೆದರಿತು?

ಇದು ಮೊದಲ ನೋಟದ ಪ್ರೇಮವಲ್ಲ, ನಿಧಾನಕ್ಕೆ ಹುಟ್ಟಿದ್ದು. 1947ರಲ್ಲಿ ಲಂಡನ್ನಿನ ಮಿಷನರಿಗಳ ಒಂದು ನೃತ್ಯಕೂಟಕ್ಕೆ ರೂತ್ ವಿಲಿಯಮ್ಸ್‌ಳನ್ನು ಆಕೆಯ ಸೋದರಿ ಕರೆದುಕೊಂಡು ಹೋಗಿದ್ದಳು. ಅಲ್ಲಿ ಸಿಕ್ಕಿದ್ದು ಕಾನೂನು ಓದ್ತಿದ್ದ ಸೆರೆತ್ಸೆ ಖಾಮಾ, ಇವತ್ತಿನ ಬೋಟ್ಸ್ವಾನಾದ ಬಾಮಂಗ್ವಾಟೋ ಜನರ ಅರಸೊತ್ತಿಗೆಯ ವಾರಸುದಾರ. ಈಕೆ ಆಫೀಸಿನಲ್ಲಿ ಗುಮಾಸ್ತೆ. ಇಬ್ಬರನ್ನೂ ಹತ್ತಿರ ತಂದಿದ್ದು ಜಾಝ್ ಸಂಗೀತ. ವರ್ಷದ ಮೇಲೆ, 1948ರ ಸೆಪ್ಟೆಂಬರ್‌ನಲ್ಲಿ, ಮದುವೆ. ಅದೂ ರಿಜಿಸ್ಟ್ರಾರ್ ಕಚೇರಿಯಲ್ಲಿ; ಚರ್ಚ್ ಬಾಗಿಲು ತೆರೆಯಲಿಲ್ಲ.

ರೂತ್‌ಳ ಅಪ್ಪ ಒಪ್ಪಲಿಲ್ಲ. ಅತ್ತ ಸೆರೆತ್ಸೆಯನ್ನು ಸಾಕಿ ಬೆಳೆಸಿದ ಚಿಕ್ಕಪ್ಪ ಶೆಕೆಡಿ, ಆಗ ರಾಜಪ್ರತಿನಿಧಿ, ಕೆಂಡಾಮಂಡಲ. ಬಿಳಿ ಸೊಸೆ ಬೇಡವೇ ಬೇಡ!

ಈಗ ನೋಡಿ, ನನಗೆ ಬಹಳ ಇಷ್ಟವಾದ ಭಾಗ. ಸೆರೋವೆ ಊರಿನಲ್ಲಿ ಜನರ ಬಹಿರಂಗ ಸಭೆ ಸೇರಿತು. ಅದಕ್ಕೆ ಅವರು ಕ್ಗೋಟ್ಲಾ ಅಂತಾರೆ, ನಮ್ಮ ಊರ ಪಂಚಾಯ್ತಿಕಟ್ಟೆ ಇದ್ದ ಹಾಗೆ. ಮೊದಲ ಸಭೆ ಮದುವೆಯನ್ನು ವಿರೋಧಿಸಿತು. ಸೆರೆತ್ಸೆ ವಾದಿಸಿದ, ಕಾದ. 1949ರ ಜೂನ್‌ನಲ್ಲಿ ಸಾವಿರಾರು ಜನ ಎದ್ದು ನಿಂತು ಅವನೇ ನಮ್ಮ ಅರಸ ಅಂದರು. ವಿರೋಧ ಉಳಿದದ್ದು ಬೆರಳೆಣಿಕೆಯ ಮಂದಿಯದು. ಹಳ್ಳಿಗರು ಏಳು ತಿಂಗಳಲ್ಲಿ ಮನಸ್ಸು ಬದಲಿಸಿದ್ರು.

ಆದರೆ ಲಂಡನ್ ಬದಲಾಗಲಿಲ್ಲ. ಯಾಕೆ? ಪಕ್ಕದ ದಕ್ಷಿಣ ಆಫ್ರಿಕಾ ಅದೇ ವರ್ಷ ಬಿಳಿಯರು ಬೇರೆ ವರ್ಣದವರನ್ನು ಮದುವೆಯಾಗುವುದನ್ನೇ ನಿಷೇಧಿಸಿತ್ತು. ಬ್ರಿಟನ್ನಿಗೆ ಅಲ್ಲಿನ ಚಿನ್ನ ಬೇಕು, ಯುರೇನಿಯಂ ಬೇಕು. ತನಿಖೆ ಮಾಡಿಸಿದರು, ಈ ಮದುವೆಯೊಂದಿಲ್ಲದಿದ್ದರೆ ಸೆರೆತ್ಸೆ ಆಳಲು ಯೋಗ್ಯ ಅಂತ ವರದಿ ಬಂತು. ವರದಿಯನ್ನು ಮುಚ್ಚಿಟ್ಟರು. 1950ರಲ್ಲಿ ಮಾತುಕತೆಗೆ ಅಂತ ಅವನನ್ನು ಲಂಡನ್ನಿಗೆ ಕರೆಸಿ, ವಾಪಸ್ ಹೋಗುವ ಹಾಗಿಲ್ಲ ಅಂದುಬಿಟ್ಟರು. ಇದಕ್ಕೆ ಮೋಸ ಅನ್ನದೆ ಬೇರೇನು ಹೇಳಲಿ? ರೂತ್ ಆಗ ತುಂಬು ಬಸುರಿ, ಸೆರೋವೆಯಲ್ಲೇ ಇದ್ದಳು. ಇದನ್ನು ಮಾಡಿದ್ದು ಸಮಾನತೆಯ ಮಾತಾಡುತ್ತಿದ್ದ ಆಟ್ಲಿಯ ಲೇಬರ್ ಸರ್ಕಾರ, ನೆನಪಿರಲಿ. ನಂತರ ಬಂದ ಚರ್ಚಿಲ್ ಸರ್ಕಾರ 1952ರಲ್ಲಿ ನಿಷೇಧವನ್ನು ಕಾಯಂ ಮಾಡಿತು.

ಜನ ಬೇರೆ ಅರಸನನ್ನು ಒಪ್ಪಲಿಲ್ಲ. 1956ರಲ್ಲಿ ಪಟ್ಟದ ಹಕ್ಕು ಬಿಟ್ಟುಕೊಟ್ಟು, ಸಾಮಾನ್ಯ ಪ್ರಜೆಗಳಾಗಿ, ದಂಪತಿ ಊರಿಗೆ ಮರಳಿದರು. ಚಿಕ್ಕಪ್ಪನ ಜೊತೆಗೂ ರಾಜಿಯಾಯ್ತು. ಹತ್ತು ವರ್ಷಕ್ಕೆ ಬೋಟ್ಸ್ವಾನಾ ಸ್ವತಂತ್ರ. ಮೊದಲ ಅಧ್ಯಕ್ಷ ಸೆರೆತ್ಸೆ ಖಾಮಾ. ಪಟ್ಟ ತಪ್ಪಿಸಿದವರೇ ಅವನಿಗೆ ಸರ್ ಪದವಿ ಕೊಟ್ಟರು!

1980ರಲ್ಲಿ ಸೆರೆತ್ಸೆ ತೀರಿಕೊಂಡ. ರೂತ್ ಇಂಗ್ಲೆಂಡಿಗೆ ಹೊರಟುಬಿಡ್ತಾಳೆ ಅಂದುಕೊಂಡವರಿದ್ದರು. ಆಕೆ ಬೋಟ್ಸ್ವಾನಾದಲ್ಲೇ ಉಳಿದಳು, 2002ರಲ್ಲಿ ಕಣ್ಣು ಮುಚ್ಚುವವರೆಗೂ.