ಫೋನೋಗ್ರಾಫಿನ ಬಿಡಿಭಾಗಗಳು: ಬೆಲೆಯೇರಿಕೆಯ ಚಾರಿತ್ರಿಕ ಹಿನ್ನೆಲೆ

ಧ್ವನಿಮುದ್ರಣದ ಚರಿತ್ರೆಯನ್ನು ಬರೆದವರ ಗಮನ ಬಹುಮಟ್ಟಿಗೆ ಹಾಡುಗಾರರ ಮೇಲೆ, ಹಾಡುಗಳ ಮೇಲೆ ಮತ್ತು ಮುದ್ರಿಸಿದ ಕಂಪನಿಗಳ ಮೇಲೆ ನೆಲೆಗೊಂಡಿದೆ. ಆ ಧ್ವನಿಯನ್ನು ಕೇಳಿಸಿದ ಯಂತ್ರ, ಅದರಲ್ಲಿಯೂ ಯಂತ್ರದ ಬಿಡಿಭಾಗ, ಅಧ್ಯಯನದ ವಸ್ತುವಾಗಿರುವುದು ವಿರಳ. ಸಂಗ್ರಾಹಕರ ಲೋಕದಲ್ಲಿ ಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಅಲ್ಲಿ ಅಂಗೈಯಲ್ಲಿ ಹಿಡಿಯಬಹುದಾದ ಒಂದು ಅಪರೂಪದ ಭಾಗಕ್ಕೆ ಇಡೀ ಯಂತ್ರಕ್ಕಿಂತ ಹೆಚ್ಚಿನ ಬೆಲೆ ಬರುವುದುಂಟು. ಈ ಬೆಲೆಯೇರಿಕೆಯನ್ನು ಕೇವಲ ಹವ್ಯಾಸಿಗಳ ಹುಚ್ಚೆಂದು ತಳ್ಳಿಹಾಕುವಂತಿಲ್ಲ. ಇದರ ಕಾರಣಗಳು ನೂರು ವರ್ಷಗಳ ಹಿಂದಿನ ತಯಾರಿಕೆಯ ಚರಿತ್ರೆಯಲ್ಲಿಯೇ ಇವೆ. ಇದರ ಪರಿಣಾಮವು ಇಂದು ಆ ಚರಿತ್ರೆಯ ಆಧಾರಗಳನ್ನೇ ಅಳಿಸುತ್ತಿದೆ. ಈ ಎರಡು ಅಂಶಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಮೊದಲಿಗೆ ಒಂದು ಸ್ಪಷ್ಟನೆ ಅಗತ್ಯ. ನಮ್ಮಲ್ಲಿ ಫೋನೋಗ್ರಾಫ್ ಮತ್ತು ಗ್ರಾಮಫೋನ್ ಎಂಬ ಎರಡು ಹೆಸರುಗಳನ್ನು ಒಂದೇ ಅರ್ಥದಲ್ಲಿ ಬಳಸುವ ರೂಢಿಯಿದೆ. ಥಾಮಸ್ ಆಲ್ವಾ ಎಡಿಸನ್ 1877ರಲ್ಲಿ ರೂಪಿಸಿದ ಫೋನೋಗ್ರಾಫ್ ಉರುಳೆಯಾಕಾರದ ಸಿಲಿಂಡರಿನ ಮೇಲೆ ಧ್ವನಿಯನ್ನು ಬರೆಯುತ್ತಿತ್ತು. ಎಮಿಲ್ ಬರ್ಲೈನರ್ 1887ರಲ್ಲಿ ಹಕ್ಕುಸ್ವಾಮ್ಯ ಪಡೆದ ಗ್ರಾಮಫೋನ್ ಮುಂದೆ ಚಪ್ಪಟೆ ತಟ್ಟೆಯ ಯಂತ್ರವಾಗಿ ಬೆಳೆಯಿತು. ಎಡಿಸನ್ನನ ಯಂತ್ರದಲ್ಲಿ ಸಿಲಿಂಡರಿನ ಗೆರೆಯ ಏರಿಳಿತವನ್ನು ನೀಲಮಣಿಯ ಸಣ್ಣ ಮೊನೆಯೊಂದು ಗ್ರಹಿಸಿ, ಅದನ್ನು ತೆಳುವಾದ ಪೊರೆಗೆ ದಾಟಿಸುತ್ತದೆ. ಗಾಜು, ಅಭ್ರಕ ಅಥವಾ ತಾಮ್ರದಿಂದ ಮಾಡಿದ ಆ ಪೊರೆ ಕಂಪಿಸಿ, ಕಹಳೆಯ ಮೂಲಕ ಶಬ್ದವು ಹೊರಬರುತ್ತದೆ. ಮೊನೆ ಮತ್ತು ಪೊರೆಗಳನ್ನು ಒಳಗೊಂಡ ಈ ಭಾಗಕ್ಕೆ ರಿಪ್ರೊಡ್ಯೂಸರ್ ಎಂದು ಹೆಸರು. ಯಂತ್ರಕ್ಕೆ ಇದು ಕಿವಿಯೂ ಹೌದು, ಕಂಠವೂ ಹೌದು.

ಬಿಡಿಭಾಗಗಳ ಕೊರತೆಗೆ ಮೊದಲ ಕಾರಣ ತಯಾರಕರೇ ಮಾಡಿದ ಮಾನದಂಡದ ಬದಲಾವಣೆ. 20ನೆಯ ಶತಮಾನದ ಮೊದಲ ವರ್ಷಗಳ ಎಡಿಸನ್ ಸಿಲಿಂಡರಿನಲ್ಲಿ ಅಂಗುಲಕ್ಕೆ 100 ಗೆರೆಗಳಿದ್ದು, ಅದು ಸುಮಾರು 2 ನಿಮಿಷ ನುಡಿಯುತ್ತಿತ್ತು. 1908ರಲ್ಲಿ ಬಂದ ಅಂಬರಾಲ್ ಸಿಲಿಂಡರಿನಲ್ಲಿ ಅಂಗುಲಕ್ಕೆ 200 ಗೆರೆಗಳಿದ್ದು, ಅವಧಿ 4 ನಿಮಿಷಕ್ಕೆ ಏರಿತು. ಹಳೆಯ ಯಂತ್ರವನ್ನು ಹೊಸ ಸಿಲಿಂಡರಿಗೆ ಹೊಂದಿಸಲು ಬೇರೆ ಹಲ್ಲುಚಕ್ರಗಳು ಮತ್ತು ಬೇರೆ ರಿಪ್ರೊಡ್ಯೂಸರ್ ಬೇಕಾದವು. ಇದಕ್ಕಾಗಿ ಪರಿವರ್ತನಾ ಸಾಧನಗಳನ್ನು ಪ್ರತ್ಯೇಕವಾಗಿ ಮಾರಲಾಯಿತು. 1912ರಲ್ಲಿ ಸೆಲ್ಯುಲಾಯ್ಡ್‌ನ ನೀಲಿ ಅಂಬರಾಲ್ ಬಂದಾಗ ವಜ್ರದ ಮೊನೆಯ ರಿಪ್ರೊಡ್ಯೂಸರ್ ಬಳಕೆಗೆ ಬಂದಿತು. 1929ರಲ್ಲಿ ಎಡಿಸನ್ ಸಂಸ್ಥೆಯು ಮನರಂಜನೆಯ ಫೋನೋಗ್ರಾಫ್ ವ್ಯವಹಾರವನ್ನೇ ನಿಲ್ಲಿಸಿತು. ಹೀಗೆ ಒಂದು ಪೀಳಿಗೆಯ ಅವಧಿಯಲ್ಲಿ ಹಲವು ಬಗೆಯ ಭಾಗಗಳು ಹುಟ್ಟಿ, ಕೆಲವು ಅಲ್ಪಕಾಲ ಮಾತ್ರ ಬಳಕೆಯಲ್ಲಿದ್ದು ಮರೆಯಾದವು. ಯಂತ್ರದ ದೇಹ ಸಾವಿರಾರು ಸಂಖ್ಯೆಯಲ್ಲಿ ಉಳಿಯಿತು. ಅದರ ಜೊತೆಗಾರ ಭಾಗಗಳು ಉಳಿಯಲಿಲ್ಲ.

ಇದಕ್ಕೆ ಜ್ಯಾನಿ ಬೆಟ್ಟಿನಿಯ ಸಾಧನವು ಉತ್ತಮ ನಿದರ್ಶನ. ಇಟಲಿಯ ಅಶ್ವದಳದ ಅಧಿಕಾರಿಯಾಗಿದ್ದು ನ್ಯೂಯಾರ್ಕಿನಲ್ಲಿ ನೆಲೆಸಿದ ಈತ 1889ರಲ್ಲಿ ತನ್ನ ವಿಧಾನಕ್ಕೆ ಹಕ್ಕುಸ್ವಾಮ್ಯ ಪಡೆದನು. ಮೊನೆಯನ್ನು ಪೊರೆಯ ನಡುವಿಗೆ ಮಾತ್ರ ಜೋಡಿಸದೆ, ಜೇಡರ ಕಾಲುಗಳಂತಹ ಕಡ್ಡಿಗಳ ಮೂಲಕ ಹಲವು ಬಿಂದುಗಳಿಗೆ ಜೋಡಿಸಿದ್ದು ಇವನ ವಿಶೇಷ. ಇತರ ಕಂಪನಿಗಳ ಯಂತ್ರಗಳಿಗೆ ಅಳವಡಿಸಲೆಂದೇ ಇವನು ರಿಪ್ರೊಡ್ಯೂಸರುಗಳನ್ನು ಮಾರಿದನು. ಅಂದು ಯಂತ್ರಕ್ಕೆ ಉಪಾಂಗವಾಗಿದ್ದ ಈ ವಸ್ತುವೇ ಇಂದು ಸಂಗ್ರಾಹಕರ ಪಾಲಿಗೆ ಪ್ರಧಾನ. ಅದನ್ನು ಹೊರುವ ಯಂತ್ರ ಗೌಣ.

ಎರಡನೆಯ ಕಾರಣ ಲೋಹಕ್ಕೆ ಸಂಬಂಧಿಸಿದ್ದು. ಖರ್ಚನ್ನು ತಗ್ಗಿಸಲು ತಯಾರಕರು ಹಿತ್ತಾಳೆಯ ಬದಲು ಸತುವಿನ ಅಗ್ಗದ ಮಿಶ್ರಲೋಹವನ್ನು ಬಳಸತೊಡಗಿದರು. ಸತುವಿನಲ್ಲಿ ಸೀಸದಂತಹ ಕಲ್ಮಶ ಉಳಿದಿದ್ದರೆ ಲೋಹದ ಕಣಗಳ ನಡುವೆ ಸವಕಳಿ ಉಂಟಾಗಿ, ದಶಕಗಳ ನಂತರ ಭಾಗವು ಉಬ್ಬಿ, ಸೀಳಿ, ಕೊನೆಗೆ ಪುಡಿಯಾಗುತ್ತದೆ. ಇದು ಗ್ರಾಮಫೋನನ್ನೂ ಬಿಟ್ಟಿಲ್ಲ. ವಿಕ್ಟರ್ ಕಂಪನಿಯು 1925ರಲ್ಲಿ ಹೊರತಂದ ಆರ್ಥೋಫೋನಿಕ್ ಯಂತ್ರದ ಧ್ವನಿಪೆಟ್ಟಿಗೆಗಳಲ್ಲಿ ಸತುವಿನವು ಬಿರುಕು ಬಿಟ್ಟಿರುವುದೂ, ಹಿತ್ತಾಳೆಯವಕ್ಕೆ ಹೆಚ್ಚಿನ ಬೇಡಿಕೆ ಇರುವುದೂ ಸಂಗ್ರಾಹಕರಿಗೆ ಪರಿಚಿತ ಸಂಗತಿ. ಯಾರೂ ಮುಟ್ಟದೆ ಕಪಾಟಿನಲ್ಲಿಟ್ಟ ಭಾಗವೂ ಹೀಗೆ ನಾಶವಾಗುವುದರಿಂದ, ಉಳಿದವುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಲೇ ಇರುತ್ತದೆ.

ಮೂರನೆಯ ಕಾರಣ ಮಾರುಕಟ್ಟೆಯದು. ಲಂಡನ್ನಿನಲ್ಲಿ 1919ರಿಂದಲೇ ಫೋನೋಗ್ರಾಫ್ ಆಸಕ್ತರ ಸಂಘವಿತ್ತಾದರೂ ಸಂಗ್ರಾಹಕರ ವ್ಯವಹಾರ ಬಹುಕಾಲ ಪರಿಚಿತರ ವಲಯಕ್ಕೆ ಸೀಮಿತವಾಗಿತ್ತು. 1995ರಲ್ಲಿ ಆರಂಭವಾದ ಈಬೇಯಂತಹ ಅಂತರ್ಜಾಲ ಹರಾಜುಗಳು ಈ ಮಿತಿಯನ್ನು ಮುರಿದವು. ಇದರ ಫಲ ಏಕರೂಪದ್ದಾಗಿರಲಿಲ್ಲ. ಅಟ್ಟದಲ್ಲಿದ್ದ ಸಾಮಾನ್ಯ ಯಂತ್ರಗಳು ಹೇರಳವಾಗಿ ಹೊರಬಂದು ಅವುಗಳ ಬೆಲೆ ಕುಗ್ಗಿತು. ಎಲ್ಲರಿಗೂ ಬೇಕಾದ, ಕೆಲವೇ ಉಳಿದಿದ್ದ ಭಾಗಗಳಿಗೆ ಪೈಪೋಟಿ ಹೆಚ್ಚಿತು. ಈ ಅಂತರದಿಂದ ಒಂದು ಅನಿಷ್ಟ ಪದ್ಧತಿ ಬೆಳೆಯಿತು. ಇಡೀ ಯಂತ್ರವನ್ನು ಮಾರುವುದಕ್ಕಿಂತ ಬಿಚ್ಚಿ ಮಾರುವುದೇ ಲಾಭವೆಂದು ಕಂಡಾಗ, ಸುಸ್ಥಿತಿಯಲ್ಲಿರುವ ಯಂತ್ರವೂ ಬಿಡಿಭಾಗಗಳ ಗಣಿಯಾಗುತ್ತದೆ.

ಭಾರತದಲ್ಲಿ ಇದು ಮತ್ತೊಂದು ರೂಪ ತಾಳಿದೆ. ಹಳೆಯ ಪೋರ್ಟಬಲ್ ಗ್ರಾಮಫೋನುಗಳ ಮೋಟಾರು ಮತ್ತು ಧ್ವನಿಪೆಟ್ಟಿಗೆಗಳನ್ನು ಕಿತ್ತು, ಹೊಸ ಮರದ ಪೆಟ್ಟಿಗೆಗೆ ಜೋಡಿಸಿ, ಹೊಳೆಯುವ ಹಿತ್ತಾಳೆಯ ಕಹಳೆಯನ್ನು ಏರಿಸಿ, ಪ್ರಸಿದ್ಧ ಕಂಪನಿಯ ಮುದ್ರೆಯೊಂದಿಗೆ ಪ್ರವಾಸಿಗರಿಗೆ ಮಾರುವ ವ್ಯವಹಾರ ಹಲವು ದಶಕಗಳಿಂದ ನಡೆದುಬಂದಿದೆ. ಪ್ರಾಮಾಣಿಕವಾದ ಒಂದು ಹಳೆಯ ಯಂತ್ರ ನಾಶವಾಗಿ ಸುಳ್ಳು ಪುರಾತನವೊಂದು ಹುಟ್ಟುವ ವಿಪರ್ಯಾಸವಿದು.

ಇದರಿಂದ ಇತಿಹಾಸಕ್ಕೆ ಆಗುವ ನಷ್ಟವೇನು? ಸಿಲಿಂಡರುಗಳನ್ನು ಕೇಳಲು ಈಗ ಹಳೆಯ ರಿಪ್ರೊಡ್ಯೂಸರೇ ಬೇಕೆಂದಿಲ್ಲ. ಫ್ರಾನ್ಸಿನ ಆನ್ರಿ ಶಾಮೂ ರೂಪಿಸಿದ ಆರ್ಕಿಯೋಫೋನ್ ಯಂತ್ರವೂ, ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಬೆಳೆದ, ಗೆರೆಯನ್ನು ಮುಟ್ಟದೆ ಬೆಳಕಿನಿಂದ ಓದುವ ವಿಧಾನವೂ ಆ ಕೆಲಸವನ್ನು ಸುರಕ್ಷಿತವಾಗಿ ಮಾಡುತ್ತವೆ. ಮದರಾಸಿನ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ 20ನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಭಾರತದ ಸಮುದಾಯಗಳ ಹಾಡುಗಳನ್ನು ಮೇಣದ ಸಿಲಿಂಡರುಗಳಲ್ಲಿ ಮುದ್ರಿಸಿದ್ದು, ಆ ಸಂಗ್ರಹ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕಲ್ಕತ್ತೆಯ ಹೇಮೇಂದ್ರ ಮೋಹನ ಬೋಸರು ಅದೇ ಕಾಲದಲ್ಲಿ ಸಿಲಿಂಡರುಗಳಲ್ಲಿ ಬಂಗಾಳಿ ಹಾಡುಗಳನ್ನು ಮುದ್ರಿಸಿ ಮಾರಿದರು. ಧ್ವನಿಯೇನೋ ಹೀಗೆ ಉಳಿಯಬಲ್ಲದು. ಆದರೆ ಆ ಧ್ವನಿಯನ್ನು ಅಂದಿನ ಮನೆಗಳಲ್ಲಿ ಜನರು ಯಾವ ಸಾಧನದಿಂದ, ಯಾವ ಗುಣದಲ್ಲಿ ಕೇಳಿದರೆಂಬ ಪ್ರಶ್ನೆಗೆ ಉತ್ತರ ಯಂತ್ರದಲ್ಲಿ ಮಾತ್ರ ಇದೆ. ಎಡಿಸನ್ ಯಂತ್ರಗಳ ಮೇಲೆ ಕ್ರಮಸಂಖ್ಯೆಯೂ ಹಕ್ಕುಸ್ವಾಮ್ಯದ ದಿನಾಂಕಗಳೂ ಇರುತ್ತವೆ. ಹಲವು ರಿಪ್ರೊಡ್ಯೂಸರುಗಳ ಮೇಲೆ ಬೇರೆಯೇ ಕ್ರಮಸಂಖ್ಯೆ ಇರುತ್ತದೆ. ಒಂದು ಯಂತ್ರ ಯಾವಾಗ ಮಾರಾಟವಾಯಿತು, ಅದರ ಒಡೆಯನು 4 ನಿಮಿಷದ ಸಿಲಿಂಡರಿಗಾಗಿ ಅದನ್ನು ಪರಿವರ್ತಿಸಿಕೊಂಡನೇ ಇಲ್ಲವೇ ಎಂಬುದನ್ನು ಊಹಿಸಲು ಇವು ಒಟ್ಟಿಗೆ ಇದ್ದರಷ್ಟೇ ಸಾಧ್ಯ.

ಶಾಸನ ಅಧ್ಯಯನ ಮಾಡಿದವರಿಗೆ ಈ ಮಾತು ಹೊಸದಲ್ಲ. ನೆಲೆಯಿಂದ ಕಿತ್ತು ತಂದ ವೀರಗಲ್ಲಿನ ಅಕ್ಷರಗಳು ಹಾಗೆಯೇ ಇದ್ದರೂ, ಅದು ಯಾವ ಊರಿನ ಯಾವ ಗಡಿಯಲ್ಲಿ ನಿಂತಿತ್ತೆಂಬುದು ತಿಳಿಯದಿದ್ದರೆ ಅರ್ಧ ಅರ್ಥ ಕಳೆದುಹೋಗುತ್ತದೆ. ಯಂತ್ರದಿಂದ ಬೇರ್ಪಟ್ಟ ರಿಪ್ರೊಡ್ಯೂಸರಿನ ಸ್ಥಿತಿಯೂ ಇದೇ. ಬೆಲೆ ಅದನ್ನು ನಾಶದಿಂದ ಉಳಿಸಬಹುದು. ಅದರ ಸಂಬಂಧಗಳನ್ನು ಉಳಿಸಲಾರದು.

ಆದ್ದರಿಂದ ಸಂಗ್ರಾಹಕರನ್ನು ದೂರುವುದರಿಂದ ಪ್ರಯೋಜನವಿಲ್ಲ. ಪುಡಿಯಾಗಿ ಹೋಗಬೇಕಿದ್ದ ಎಷ್ಟೋ ಭಾಗಗಳನ್ನು ಕಾಪಾಡಿದವರು ಅವರೇ. ಆಗಬೇಕಾದುದು ದಾಖಲೀಕರಣ. ವಸ್ತುಸಂಗ್ರಹಾಲಯಗಳಲ್ಲಿ, ಹಳೆಯ ಮನೆತನಗಳಲ್ಲಿ ಉಳಿದಿರುವ ಯಂತ್ರಗಳನ್ನು ಬಿಚ್ಚುವ ಅಥವಾ ದುರಸ್ತಿ ಮಾಡುವ ಮೊದಲು ಪ್ರತಿಯೊಂದು ಭಾಗದ ಸಂಖ್ಯೆ, ಲೋಹ ಮತ್ತು ಸ್ಥಿತಿಯನ್ನು ಬರೆದಿಡಬೇಕು. ಹೊಸದಾಗಿ ತಯಾರಿಸಿ ಹಾಕಿದ ಭಾಗದ ಮೇಲೆ ಅಳಿಯದ ಗುರುತು ಇರಬೇಕು. ದೊಡ್ಡ ಅನುದಾನವಿಲ್ಲದೆಯೂ ಮಾಡಬಹುದಾದ ಕೆಲಸವಿದು. ಇಷ್ಟು ನಡೆದರೆ ಬಿಡಿಭಾಗದ ಬೆಲೆ ಎಷ್ಟೇ ಏರಿದರೂ ಯಂತ್ರದ ಚರಿತ್ರೆ ಹರಿದು ಹಂಚಿಹೋಗದೆ ಮುಂದಿನ ಅಧ್ಯಯನಕಾರರಿಗೆ ದೊರೆಯುತ್ತದೆ.